ಯಂತ್ರಗಳಿಗೆ ಒಡಂಬಡಿಕೆ ಕಲಿಸಿದ ಜೋಸೆಫ್ ವಿಟ್‌ವರ್ತ್

ಇಂದಿನ ಕಾರ್ಖಾನೆಗಳಲ್ಲಿ ಮನುಷ್ಯನ ಕೈಗೆ ಬದಲಾಗಿ ದುಡಿಯುವ ಯಂತ್ರಬಾಹುಗಳನ್ನು ಹತ್ತಿರದಿಂದ ಕಂಡವರು ಅವುಗಳ ಮಣಿಕಟ್ಟಿನ ತುದಿಯಲ್ಲಿ ಒಂದು ದುಂಡನೆಯ ಲೋಹದ ಬಿಲ್ಲೆಯನ್ನು ಗಮನಿಸಿರಬಹುದು. ಅದರ ಮುಖದ ಮೇಲೆ 50 ಮಿಲಿಮೀಟರ್ ವ್ಯಾಸದ ಒಂದು ವೃತ್ತವನ್ನು ಕಲ್ಪಿಸಿಕೊಂಡು, ಆ ವೃತ್ತದ ಗುಂಟ ಸಮನಾದ ಅಂತರದಲ್ಲಿ ನಾಲ್ಕು ತೂತುಗಳನ್ನು ಕೊರೆದಿರುತ್ತಾರೆ. ಒಂದೊಂದರಲ್ಲಿಯೂ 6 ಮಿಲಿಮೀಟರ್ ಬೋಲ್ಟು ಕೂರುವಂತೆ ತಿರುಪು ತೆಗೆದಿರುತ್ತಾರೆ. ಸಣ್ಣ ಬಾಹುಗಳಲ್ಲಿ ಬಹಳವಾಗಿ ಕಾಣುವ ಅಳತೆ ಇದು. ಬಾಹುವು ಜಪಾನಿನಲ್ಲಿ ಹುಟ್ಟಿರಬಹುದು, ಡೆನ್ಮಾರ್ಕಿನಲ್ಲಿ ಹುಟ್ಟಿರಬಹುದು. ಅದರ ತುದಿಗೆ ಸಿಕ್ಕಿಸುವ ಇಕ್ಕಳವನ್ನು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಾರ್ಯಾಗಾರದಲ್ಲಿ ಮಾಡಿರಬಹುದು. ಬೋಲ್ಟನ್ನು ಬೀದಿಯ ಅಂಗಡಿಯಿಂದ ತಂದಿರಬಹುದು. ಮೂರನ್ನೂ ಒಟ್ಟುಗೂಡಿಸಿದಾಗ ಅವು ಹಳೆಯ ನೆಂಟರಂತೆ ಕೂಡಿಕೊಳ್ಳುತ್ತವೆ. ಇವುಗಳನ್ನು ಮಾಡಿದವರು ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ. ಎಲ್ಲರೂ ಒಂದೇ ಮಾನಕಕ್ಕೆ ತಲೆಬಾಗಿದ್ದಾರೆಂಬುದೇ ಅವರ ನಡುವಿನ ಸಂಬಂಧ.

ಈ ಕೂಡಿಕೆ ಇಂದು ನಮಗೆ ಗಾಳಿ ಬೆಳಕುಗಳಷ್ಟು ಸಹಜವೆಂದು ತೋರುತ್ತದೆ. ಆದರೆ ಇನ್ನೂರು ವರ್ಷಗಳ ಹಿಂದೆ ಒಂದು ಕಾರ್ಯಾಗಾರದ ಬೋಲ್ಟು ನೆರೆಯ ಕಾರ್ಯಾಗಾರದ ನಟ್ಟಿಗೆ ಹೊಂದುತ್ತಿರಲಿಲ್ಲ. ಆ ಕಾಲದಿಂದ ಈ ಕಾಲಕ್ಕೆ ಸೇತುವೆ ಕಟ್ಟಿದವರಲ್ಲಿ ಮೊದಲು ನೆನೆಯಬೇಕಾದವನು ಇಂಗ್ಲೆಂಡಿನ ಯಂತ್ರಶಿಲ್ಪಿ ಜೋಸೆಫ್ ವಿಟ್‌ವರ್ತ್. ಅವನು ರೋಬಾಟನ್ನು ಕಂಡವನಲ್ಲ. ಆ ಪದವೇ ಅವನು ತೀರಿಕೊಂಡು ಮೂವತ್ತು ವರ್ಷಗಳಿಗೂ ಮೇಲೆ ಹುಟ್ಟಿತು. ಆದರೂ ಯಂತ್ರವನ್ನು ಮಾನಕಕ್ಕೆ ತಕ್ಕಂತೆ ಕಟ್ಟುವುದೆಂದರೇನು, ಆ ತಕ್ಕಂತಿಕೆಯನ್ನು ಅರಿಯುವುದು ಹೇಗೆ ಎಂಬುದಕ್ಕೆ ಅವನ ಬದುಕೇ ಒಂದು ಪಾಠವಾಗಿದೆ. ಆ ಪಾಠದಲ್ಲಿ ಅವನ ಗೆಲುವಿಗೆ ಎಷ್ಟು ಬೆಲೆಯುಂಟೋ ಅವನ ಸೋಲಿಗೂ ಅಷ್ಟೇ ಬೆಲೆಯುಂಟು.

ವಿಟ್‌ವರ್ತ್ 1803ನೆಯ ಇಸವಿ ಡಿಸೆಂಬರ್ 21ರಂದು ಚೆಷೈರ್ ಪ್ರಾಂತದ ಸ್ಟಾಕ್‌ಪೋರ್ಟ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಚಾರ್ಲ್ಸ್ ಶಾಲೆಯ ಉಪಾಧ್ಯಾಯನಾಗಿದ್ದು ಕ್ರೈಸ್ತ ಧರ್ಮೋಪದೇಶಕನೂ ಆಗಿದ್ದವನು. ತಾಯಿ ಮಗನ ಎಳೆತನದಲ್ಲಿಯೇ ತೀರಿಕೊಂಡಳು. ಬ್ರ್ಯಾಡ್‌ಫರ್ಡಿನ ಬಳಿಯ ಐಡಲ್ ಎಂಬಲ್ಲಿ ಹುಡುಗನಿಗೆ ಒಂದಿಷ್ಟು ಶಾಲೆಯ ಓದು ದೊರೆಯಿತು. ಅನಂತರ ಅವನನ್ನು ಡರ್ಬಿಷೈರಿನಲ್ಲಿ ಹತ್ತಿಯ ಗಿರಣಿ ನಡೆಸುತ್ತಿದ್ದ ಸೋದರಮಾವನ ಕೈಕೆಳಗೆ ಬಿಟ್ಟರು. ಮುಂದೆ ಗಿರಣಿಯ ಪಾಲುಗಾರನಾಗಿ ನೆಮ್ಮದಿಯಿಂದ ಬದುಕಲಿ ಎಂಬುದು ಹಿರಿಯರ ಎಣಿಕೆ. ಆದರೆ ಹುಡುಗನ ಕಣ್ಣು ನೂಲಿನ ಲಾಭದ ಮೇಲೆ ನಿಲ್ಲಲಿಲ್ಲ. ನೂಲು ತೆಗೆಯುವ ಯಂತ್ರದ ಮೇಲೆ ನಿಂತಿತು. ಯಂತ್ರದ ಅಂಗಾಂಗಗಳು ಒಂದಕ್ಕೊಂದು ಸರಿಯಾಗಿ ಹೊಂದದೆ ಗಡಗಡಿಸುವುದು, ಕೆಟ್ಟಾಗ ಪ್ರತಿಯೊಂದು ತುಂಡನ್ನೂ ಅರದಿಂದ ಉಜ್ಜಿ ಉಜ್ಜಿ ಕೂರಿಸುವುದು, ಇದೆಲ್ಲ ಅವನ ಮನಸ್ಸಿಗೆ ಒಗ್ಗಲಿಲ್ಲ. ನಾಲ್ಕು ವರ್ಷ ಅಲ್ಲಿದ್ದು, ಸಿದ್ಧವಾಗಿ ಬರಲಿದ್ದ ಪಾಲುಗಾರಿಕೆಯನ್ನು ತೊರೆದು, ಮ್ಯಾಂಚೆಸ್ಟರಿಗೆ ಹೋಗಿ ಸಾಮಾನ್ಯ ಯಂತ್ರಕಾರ್ಮಿಕನಾಗಿ ಸೇರಿಕೊಂಡನು.

1825ರಲ್ಲಿ ಫ್ಯಾನಿ ಆಂಕರ್ಸ್ ಎಂಬವಳನ್ನು ಮದುವೆಯಾಗಿ, ಅದೇ ವರ್ಷ ಅವನು ಲಂಡನ್ನಿಗೆ ಬಂದನು. ಆಗ ಲಂಡನ್ನಿನಲ್ಲಿ ಹೆನ್ರಿ ಮಾಡ್ಸ್‌ಲಿಯ ಕಾರ್ಯಾಗಾರವೆಂದರೆ ಯಂತ್ರವಿದ್ಯೆಯ ಗುರುಕುಲವೇ ಸರಿ. ತಿರುಪು ಕಡೆಯುವ ಲೇತ್ ಯಂತ್ರವನ್ನು ಪರಿಪೂರ್ಣತೆಗೆ ತಂದ ಆ ಹಿರಿಯನು ತನ್ನ ಮೇಜಿನ ಮೇಲೆ ಒಂದು ಸೂಕ್ಷ್ಮಮಾಪಕವನ್ನು ಇಟ್ಟುಕೊಂಡು, ದೇಶದ ಅತ್ಯುಚ್ಚ ನ್ಯಾಯಾಧಿಪತಿಯ ಹೆಸರಿನಿಂದ ಅದನ್ನು ಕರೆಯುತ್ತಿದ್ದನು. ಕೆಲಸಗಾರರಲ್ಲಿ ಅಳತೆಯ ವಿಷಯವಾಗಿ ವಾದ ಬಂದರೆ ಕೊನೆಯ ತೀರ್ಪು ಅದರದೇ. ವಸ್ತು ಸರಿಯೋ ತಪ್ಪೋ ಎಂಬುದನ್ನು ಹಿರಿಯನ ಗದರಿಕೆಯಾಗಲಿ ಕಿರಿಯನ ಜಾಣ್ಮೆಯಾಗಲಿ ತೀರ್ಮಾನಿಸಬಾರದು, ಅಳತೆಯೇ ತೀರ್ಮಾನಿಸಬೇಕು ಎಂಬ ಮಾತು ವಿಟ್‌ವರ್ತನ ಎದೆಯಲ್ಲಿ ನಾಟಿದ್ದು ಇಲ್ಲಿಯೇ.

ಮಾಡ್ಸ್‌ಲಿಯ ಬಳಿಕ ಅವನು ಹೋಲ್ಟ್‌ಜಾಫೆಲ್ ಎಂಬವರಲ್ಲಿಯೂ ಜೋಸೆಫ್ ಕ್ಲೆಮೆಂಟನಲ್ಲಿಯೂ ದುಡಿದನು. ಚಾರ್ಲ್ಸ್ ಬ್ಯಾಬೇಜನ ಗಣಕಯಂತ್ರ ಆಗ ಕ್ಲೆಮೆಂಟನ ಕಾರ್ಯಾಗಾರದಲ್ಲಿಯೇ ಸಿದ್ಧವಾಗುತ್ತಿತ್ತು. ಒಂದೇ ಬಗೆಯ ಸಾವಿರಾರು ಹಲ್ಲುಚಕ್ರಗಳೂ ಕಂಬಿಗಳೂ ಒಂದಕ್ಕೊಂದು ಎಳ್ಳಷ್ಟೂ ವ್ಯತ್ಯಾಸವಿಲ್ಲದಂತೆ ಬರಬೇಕೆಂದು ಕೇಳಿದ ಆ ಯಂತ್ರ, ಅಂದಿನ ಕಮ್ಮಾರಿಕೆಯ ಶಕ್ತಿಯನ್ನೆಲ್ಲ ಒರೆಗೆ ಹಚ್ಚಿತು. ತನ್ನ ಕಾರ್ಯಾಗಾರದ ಮಟ್ಟಿಗಾದರೂ ಇಂತಿಷ್ಟು ದಪ್ಪದ ಬೋಲ್ಟಿಗೆ ಇಂತಿಷ್ಟೇ ಸುತ್ತು ಎಂದು ಕ್ಲೆಮೆಂಟ್ ಗೊತ್ತುಮಾಡಿಕೊಂಡಿದ್ದನು. ಬ್ಯಾಬೇಜನಿಗೂ ಕ್ಲೆಮೆಂಟನಿಗೂ ಹಣದ ವಿಷಯದಲ್ಲಿ ಜಗಳ ಹತ್ತಿ 1833ರಲ್ಲಿ ಕೆಲಸ ನಿಂತುಹೋಯಿತು. ಮಹಾಯಂತ್ರ ಅರ್ಧಕ್ಕೆ ಉಳಿಯಿತು. ಅದರ ನೆರಳಿನಲ್ಲಿ ಕಲಿತ ಶಿಷ್ಯನು ಆ ವರ್ಷವೇ ಮ್ಯಾಂಚೆಸ್ಟರಿಗೆ ಮರಳಿ, ಉಗಿಯಂತ್ರದ ಬಲವಿದ್ದ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ಲಂಡನ್ನಿನಿಂದ ಬಂದ ಉಪಕರಣಗಾರನೆಂದು ಬಾಗಿಲಿಗೆ ಹೆಸರು ಹಲಗೆ ತೂಗುಹಾಕಿದನು.

ಅವನು ಮಾಡಿದ ಮೊದಲ ದೊಡ್ಡ ಕೆಲಸ ನೋಡಲು ಅತಿ ಸರಳವಾದದ್ದು. ನಿಜವಾಗಿಯೂ ಸಮತಟ್ಟಾದ ಒಂದು ಕಬ್ಬಿಣದ ಫಲಕವನ್ನು ಮಾಡುವುದು. ಆವರೆಗೆ ಎರಡು ಫಲಕಗಳ ನಡುವೆ ಕುರುಂದದ ಪುಡಿ ಹಾಕಿ ಒಂದರ ಮೇಲೊಂದನ್ನು ಅರೆಯುತ್ತಿದ್ದರು. ಪುಡಿ ಎಲ್ಲೆಡೆಯೂ ಸಮನಾಗಿ ಹರಡುವುದಿಲ್ಲವಾದ್ದರಿಂದ ಸವೆತವೂ ಸಮನಾಗಿರುತ್ತಿರಲಿಲ್ಲ. ಅಲ್ಲದೆ, ಎರಡೇ ಫಲಕಗಳಿದ್ದರೆ ಒಂದು ಉಬ್ಬಿ ಇನ್ನೊಂದು ತಗ್ಗಿ, ಎರಡೂ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡಂತೆ ಕಂಡು ಕಣ್ಣಿಗೆ ಮೋಸ ಮಾಡಬಲ್ಲುವು. ವಿಟ್‌ವರ್ತ್ ಮೂರು ಫಲಕಗಳನ್ನು ತೆಗೆದುಕೊಂಡನು. ಮೊದಲನೆಯದರ ಮೇಲೆ ತೆಳುವಾಗಿ ಬಣ್ಣ ಸವರಿ ಎರಡನೆಯದಕ್ಕೆ ಒತ್ತಿದರೆ ಉಬ್ಬಿದ ಕಡೆಗಳಲ್ಲಿ ಮಾತ್ರ ಬಣ್ಣ ಹತ್ತುತ್ತದೆ. ಆ ಉಬ್ಬುಗಳನ್ನು ಉಳಿಯಿಂದ ಹೆರೆಯಬೇಕು. ಹೀಗೆಯೇ ಎರಡನೆಯದನ್ನು ಮೂರನೆಯದರೊಡನೆ, ಮೂರನೆಯದನ್ನು ಮೊದಲನೆಯದರೊಡನೆ ಹೋಲಿಸುತ್ತ ಹೋಗಬೇಕು. ಮೂರೂ ಪರಸ್ಪರ ಹೊಂದಬೇಕಾದರೆ ಮೂರೂ ಸಮತಟ್ಟಾಗಿರಲೇಬೇಕು, ಬೇರೆ ದಾರಿಯೇ ಇಲ್ಲ. ಮೂರು ಫಲಕಗಳ ಉಪಾಯ ಹಿಂದಿನವರಿಗೂ ತಿಳಿದಿತ್ತು. ಅರೆಯುವುದನ್ನು ಬಿಟ್ಟು ಹೆರೆಯುವುದನ್ನು ತಂದು ಅದಕ್ಕೆ ಸಿದ್ಧಿ ತಂದುಕೊಟ್ಟವನು ವಿಟ್‌ವರ್ತ್. 1840ರಲ್ಲಿ ಗ್ಲಾಸ್ಗೋ ನಗರದಲ್ಲಿ ಸೇರಿದ ವಿಜ್ಞಾನ ಸಮ್ಮೇಳನದಲ್ಲಿ ಅವನು ಈ ವಿಷಯವನ್ನು ಮಂಡಿಸಿದನು. ಇಬ್ಬರು ಒಪ್ಪಿದ ಮಾತ್ರಕ್ಕೆ ಮಾತು ಸತ್ಯವಾಗುವುದಿಲ್ಲ, ಮೂರನೆಯ ಸಾಕ್ಷಿ ಬೇಕು ಎಂಬ ನ್ಯಾಯವನ್ನು ಕಬ್ಬಿಣಕ್ಕೂ ಅನ್ವಯಿಸಿದಂತಾಯಿತು.

ಅನಂತರ ಅವನ ದೃಷ್ಟಿ ತಿರುಪಿನ ಕಡೆಗೆ ಹರಿಯಿತು. ನಮ್ಮ ದೇಶದಲ್ಲಿ 1956ರ ತೂಕ ಅಳತೆಗಳ ಕಾಯಿದೆ ಬರುವ ಮೊದಲು ಊರಿಗೊಂದು ಸೇರು, ಪೇಟೆಗೊಂದು ಕೊಳಗ ಇದ್ದುದನ್ನು ಹಿರಿಯರಿಂದ ಕೇಳಿದವರಿಗೆ ಅಂದಿನ ಇಂಗ್ಲೆಂಡಿನ ತಿರುಪುಗಳ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದಂಗುಲದ ಬೋಲ್ಟಿಗೆ ಒಬ್ಬನು ಏಳು ಸುತ್ತು ತೆಗೆದರೆ ಇನ್ನೊಬ್ಬನು ಒಂಬತ್ತು ತೆಗೆಯುತ್ತಿದ್ದನು. ಸುತ್ತಿನ ಕೋನವೂ ಆಳವೂ ಅವರವರ ಇಚ್ಛೆ. ರೈಲುಗಾಡಿಗಳು ದೇಶದ ಉದ್ದಗಲಕ್ಕೂ ಓಡತೊಡಗಿದ್ದ ಕಾಲ ಅದು. ಒಂದು ಊರಿನಲ್ಲಿ ಮಾಡಿದ ಎಂಜಿನು ನೂರು ಮೈಲಿ ದೂರದಲ್ಲಿ ಕೆಟ್ಟು ನಿಂತರೆ, ಒಂದು ಬೋಲ್ಟಿಗಾಗಿ ತವರಿಗೆ ಹೇಳಿಕಳುಹಿಸಬೇಕು. ಇಲ್ಲವೇ ಅಲ್ಲಿಯೇ ಹೊಸದಾಗಿ ಕಡೆಯಬೇಕು.

ಎಲ್ಲರೂ ನನ್ನ ಕಾರ್ಯಾಗಾರದ ಸುತ್ತನ್ನೇ ಅನುಸರಿಸಿರಿ ಎಂದು ವಿಟ್‌ವರ್ತ್ ಸಾರಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಇಂಗ್ಲೆಂಡಿನ ಮುಖ್ಯ ಕಾರ್ಯಾಗಾರಗಳಿಂದ ಬೋಲ್ಟುಗಳನ್ನು ತರಿಸಿ, ಒಂದೊಂದನ್ನೂ ಅಳೆದು, ಸುತ್ತುಗಳ ಅಂತರ, ಆಳ, ಕೋನ ಇವುಗಳ ಸರಾಸರಿಯನ್ನು ಕಂಡುಹಿಡಿದನು. ಕೋನದ ಸರಾಸರಿ ಸುಮಾರು 55 ಡಿಗ್ರಿ ಬಂದಿತು. ಅದನ್ನೇ ಎಲ್ಲಕ್ಕೂ ಇಟ್ಟನು. ಕಾಲಂಗುಲದ ಬೋಲ್ಟಿಗೆ ಅಂಗುಲಕ್ಕೆ 20 ಸುತ್ತು, ಅರ್ಧ ಅಂಗುಲದ್ದಕ್ಕೆ 12, ಒಂದಂಗುಲದ್ದಕ್ಕೆ 8 ಎಂದು ಪಟ್ಟಿ ಕಟ್ಟಿದನು. ಸುತ್ತಿನ ತುದಿಯನ್ನೂ ಬುಡವನ್ನೂ ದುಂಡಾಗಿಸಿದನು. 1841ರಲ್ಲಿ ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಈ ಪದ್ಧತಿಯನ್ನು ಇಟ್ಟನು. ಯಾರ ಸುತ್ತೂ ಪೂರ್ತಿ ಗೆಲ್ಲಲಿಲ್ಲ, ಯಾರದೂ ಪೂರ್ತಿ ಸೋಲಲಿಲ್ಲ. ಪ್ರತಿಯೊಬ್ಬನೂ ತನ್ನ ಅಭ್ಯಾಸದಿಂದ ಸ್ವಲ್ಪ ಸರಿದರೆ ಸಾಕಾಗಿತ್ತು. ರೈಲು ಕಂಪನಿಗಳು ಮೊದಲು ಒಪ್ಪಿದುವು. ಇಪ್ಪತ್ತು ವರ್ಷ ತುಂಬುವುದರೊಳಗಾಗಿ ಬ್ರಿಟನ್ನಿನ ಕಾರ್ಯಾಗಾರಗಳಲ್ಲೆಲ್ಲ ಅದೇ ವಾಡಿಕೆಯಾಯಿತು. ಇದನ್ನು ಪಾಲಿಸಿರೆಂದು ಯಾವ ಸರಕಾರವೂ ಆಜ್ಞೆ ಹೊರಡಿಸಿರಲಿಲ್ಲ.

ಆದರೆ ಕಾಗದದ ಮೇಲಿನ ಪಟ್ಟಿ ಕಾಗದದ ಮೇಲೆಯೇ ಉಳಿಯುತ್ತದೆ, ಅದರಂತೆ ನಡೆದಿದೆಯೇ ಎಂದು ನೋಡುವ ಸಾಧನವಿಲ್ಲದಿದ್ದರೆ. ಹೂವಾಡಗಿತ್ತಿಯ ಮೊಳಕ್ಕೂ ಕೊಳ್ಳುವವಳ ಮೊಳಕ್ಕೂ ಹೊಂದಿಕೆಯಿಲ್ಲದಿದ್ದರೆ ಮೊಳವೆಂಬ ಮಾತಿಗೆ ಅರ್ಥವೇನು? ಆ ಕಾಲದ ಕೆಲಸಗಾರರು ಅಂಗುಲವನ್ನು ಮೂವತ್ತೆರಡು ಭಾಗ ಮಾಡಿ, ಒಂದು ಭಾಗಕ್ಕೆ ಕೊಂಚ ಹೆಚ್ಚು, ಕೊಂಚ ಕಡಿಮೆ ಎಂದು ಹೇಳುತ್ತಿದ್ದರು. ಈ ಕೊಂಚವನ್ನು ಹೊರಗಟ್ಟುವುದೇ ವಿಟ್‌ವರ್ತನ ಹಟವಾಯಿತು. ಅಂಗುಲವನ್ನು ದಶಾಂಶ ಕ್ರಮದಲ್ಲಿ ಸಾವಿರ ಭಾಗವಾಗಿ ಎಣಿಸಬೇಕೆಂದು ಅವನು ವಾದಿಸಿದನು. ಕಣ್ಣಿನಿಂದ ಗೆರೆ ನೋಡಿ ಅಳೆಯುವುದಕ್ಕಿಂತ ಎರಡು ಸಮತಲಗಳ ನಡುವೆ ವಸ್ತುವನ್ನಿಟ್ಟು ಸ್ಪರ್ಶದಿಂದ ಅಳೆಯುವುದು ಮೇಲೆಂದು ತೋರಿಸಿದನು.

ಅವನು ಕಟ್ಟಿದ ಅಳತೆಯಂತ್ರದ ರಚನೆ ಸೊಗಸಾದದ್ದು. ಅದರಲ್ಲಿ ಅಂಗುಲಕ್ಕೆ 20 ಸುತ್ತುಳ್ಳ ಒಂದು ತಿರುಪು. ಅದನ್ನು ತಿರುಗಿಸಲು 200 ಹಲ್ಲಿನ ಒಂದು ಚಕ್ರ. ಆ ಚಕ್ರವನ್ನು ಒಂದೊಂದು ಹಲ್ಲಿನಂತೆ ನೂಕಲು, ಅಂಚಿನಲ್ಲಿ 250 ಗೆರೆ ಕೊರೆದ ಇನ್ನೊಂದು ಚಕ್ರ. ಇಪ್ಪತ್ತು, ಇನ್ನೂರು, ಇನ್ನೂರೈವತ್ತು, ಇವನ್ನು ಗುಣಿಸಿದರೆ ಹತ್ತು ಲಕ್ಷ. ಎಂದರೆ ಹೊರಚಕ್ರವನ್ನು ಒಂದು ಗೆರೆಯಷ್ಟು ತಿರುಗಿಸಿದರೆ ತಿರುಪು ಮುಂದಕ್ಕೆ ಸರಿಯುವುದು ಅಂಗುಲದ ಹತ್ತು ಲಕ್ಷದಲ್ಲಿ ಒಂದು ಪಾಲು. ಅಳೆಯುವ ಸರಳಿನ ತುದಿಗೂ ಯಂತ್ರದ ಮುಖಕ್ಕೂ ನಡುವೆ ಒಂದು ತೆಳುವಾದ ಉಕ್ಕಿನ ಬಿಲ್ಲೆ. ಒತ್ತಡ ಸರಿಯಿದ್ದಾಗ ಬಿಲ್ಲೆ ಜಾರದೆ ನಿಲ್ಲುತ್ತದೆ. ಒಂದು ಗೆರೆ ಸಡಿಲಿಸಿದರೆ ತನ್ನ ಭಾರದಿಂದಲೇ ಕೆಳಗೆ ಬೀಳುತ್ತದೆ. ಇಂತಹ ಅಳತೆಯ ಆಸರೆಯಿಂದ ಅವನು ಕಾರ್ಯಾಗಾರಗಳಿಗಾಗಿ ಉಕ್ಕಿನ ಗೇಜುಗಳನ್ನು, ಎಂದರೆ ತೂತಿನೊಳಗೆ ತೂರಿಸಿ ನೋಡುವ ಗೂಟಗಳನ್ನೂ ಕಂಬಿಗೆ ತೊಡಿಸಿ ನೋಡುವ ಉಂಗುರಗಳನ್ನೂ ಮಾಡಿ ಮಾರತೊಡಗಿದನು. ಗೇಜು ಕೈಗೆ ಬಂದಮೇಲೆ ಮ್ಯಾಂಚೆಸ್ಟರಿನ ಕೆಲಸಗಾರನೂ ಗ್ಲಾಸ್ಗೋವಿನ ಕೆಲಸಗಾರನೂ ಒಂದೇ ಅಂಗುಲವನ್ನು ಹಿಡಿದಂತಾಯಿತು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ವಿಟ್‌ವರ್ತನ ಯಂತ್ರಗಳು ಜಗತ್ತಿನ ಕಣ್ಣು ಸೆಳೆದುವು. 1857ರಲ್ಲಿ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು.

ಈ ಪದ್ಧತಿಯ ಬೆಲೆ ಯುದ್ಧಕಾಲದಲ್ಲಿ ಎಲ್ಲರಿಗೂ ತಿಳಿದುಬಂದಿತು. ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಗೆ ಸಣ್ಣ ಉಗಿದೋಣಿಗಳು ತುರ್ತಾಗಿ ಬೇಕಾದಾಗ, ಅವುಗಳ ಎಂಜಿನುಗಳನ್ನು ಒದಗಿಸುವ ಹೊಣೆ ಜಾನ್ ಪೆನ್ ಎಂಬ ಯಂತ್ರಶಿಲ್ಪಿಯ ಮೇಲೆ ಬಿದ್ದಿತು. ಒಂದೇ ಕಾರ್ಯಾಗಾರದಿಂದ ಆಗುವ ಕೆಲಸ ಅದಾಗಿರಲಿಲ್ಲ. ಪೆನ್ ಮಾದರಿ ಎಂಜಿನುಗಳನ್ನು ಬಿಚ್ಚಿ, ಬಿಡಿಭಾಗಗಳನ್ನು ಬೇರೆ ಬೇರೆ ಕಾರ್ಯಾಗಾರಗಳಿಗೆ ಹಂಚಿದನು. ಎಲ್ಲರೂ ವಿಟ್‌ವರ್ತನ ಅಳತೆಯನ್ನು ಹಿಡಿದು ಮಾಡಿದ್ದರಿಂದ ಭಾಗಗಳು ಬಂದು ಸೇರಿದಾಗ ಕೂಡಿಕೊಂಡುವು. ತೊಂಬತ್ತು ದಿನಗಳಲ್ಲಿ ಸುಮಾರು ತೊಂಬತ್ತು ಎಂಜಿನುಗಳು ಸಿದ್ಧವಾದುವು. ಅದಕ್ಕೆ ಸ್ವಲ್ಪ ಮೊದಲು, 1853ರಲ್ಲಿ, ಸರಕಾರದ ಪರವಾಗಿ ಅಮೆರಿಕಕ್ಕೆ ಹೋಗಿಬಂದಿದ್ದ ವಿಟ್‌ವರ್ತ್, ಆ ದೇಶದ ಕಾರ್ಖಾನೆಗಳಲ್ಲಿ ಯಂತ್ರಗಳನ್ನು ಎಷ್ಟು ವ್ಯಾಪಕವಾಗಿ ಬಳಸುತ್ತಾರೆಂಬುದನ್ನು ಕಂಡು, ತನ್ನ ನಾಡಿನವರು ಕಲಿಯಬೇಕಾದುದನ್ನು ವರದಿಯಲ್ಲಿ ಬರೆದಿದ್ದನು.

ಇಲ್ಲಿಯವರೆಗೆ ಏರುತ್ತ ಬಂದ ಬಾಳು ಮುಂದೆ ಒಂದು ಬಂಡೆಗೆ ತಾಗಿತು. 1854ರಲ್ಲಿ ಸರಕಾರ ಎನ್‌ಫೀಲ್ಡ್ ಬಂದೂಕುಗಳನ್ನು ತಯಾರಿಸುವ ಯಂತ್ರಗಳ ವಿಷಯವಾಗಿ ಅವನ ಸಲಹೆ ಕೇಳಿತು. ಒಳ್ಳೆಯ ಬಂದೂಕು ಎಂದರೇನೆಂಬುದೇ ಇನ್ನೂ ಗೊತ್ತಾಗಿಲ್ಲದಿರುವಾಗ ಅದನ್ನು ಮಾಡುವ ಯಂತ್ರವನ್ನು ಹೇಗೆ ರಚಿಸಲಿ ಎಂದು ಅವನು ಮೊದಲು ಪ್ರಯೋಗಕ್ಕೆ ತೊಡಗಿದನು. ಮ್ಯಾಂಚೆಸ್ಟರಿನ ಬಳಿಯ ತನ್ನ ಮನೆಯ ಆವರಣದಲ್ಲಿ 500 ಗಜ ಉದ್ದದ ಮುಚ್ಚಿದ ಗುಂಡಿನ ಸಾಲೆಯನ್ನು ಸರಕಾರದ ಖರ್ಚಿನಲ್ಲಿ ಕಟ್ಟಿಸಿದನು. ಎನ್‌ಫೀಲ್ಡಿನ ನಳಿಗೆಯ ವ್ಯಾಸ 0.577 ಅಂಗುಲ, ವಿಟ್‌ವರ್ತ್ ಅದನ್ನು 0.45 ಅಂಗುಲಕ್ಕೆ ಇಳಿಸಿದನು. ನಳಿಗೆಯ ಒಳಗನ್ನು ಷಟ್ಕೋನವಾಗಿ ಮಾಡಿ, ಇಪ್ಪತ್ತು ಅಂಗುಲಕ್ಕೆ ಒಂದು ಪೂರ್ತಿ ತಿರುವು ಬರುವಂತೆ ತಿರುಚಿದನು. ಗುಂಡನ್ನೂ ಅದಕ್ಕೊಪ್ಪುವಂತೆ ರೂಪಿಸಿದನು. 1857ರ ಪರೀಕ್ಷೆಯಲ್ಲಿ ಗುರಿಯ ನಿಖರತೆಯಲ್ಲಿ ಅವನ ಬಂದೂಕು ಎನ್‌ಫೀಲ್ಡನ್ನು ಬಹುದೂರ ಹಿಂದೆ ಹಾಕಿತು. 1860ರ ಜುಲೈ 2ರಂದು ವಿಂಬಲ್ಡನ್ನಿನಲ್ಲಿ ನಡೆದ ಸ್ಪರ್ಧೆಯ ಪ್ರಾರಂಭಕ್ಕೆ, ಯಂತ್ರಪೀಠದ ಮೇಲೆ ಕಟ್ಟಿಟ್ಟ ಅದೇ ಬಗೆಯ ಬಂದೂಕಿನ ದಾರವನ್ನು ವಿಕ್ಟೋರಿಯಾ ರಾಣಿ ಎಳೆದಾಗ, 400 ಗಜ ದೂರದ ಗುರಿಯ ನಟ್ಟನಡುವಿಗೆ ಬಹಳ ಸಮೀಪದಲ್ಲಿ ಗುಂಡು ಬಿದ್ದಿತು.

ಹೀಗಿದ್ದರೂ ಸೈನ್ಯ ಅದನ್ನು ಒಪ್ಪಲಿಲ್ಲ. ನಳಿಗೆ ತೀರ ಸಣ್ಣದು, ಮದ್ದಿನ ಮಸಿ ಬೇಗ ಕಟ್ಟಿಕೊಳ್ಳುತ್ತದೆ, ಬೆಲೆ ಹಲವು ಪಟ್ಟು ಹೆಚ್ಚು ಎಂಬ ಆಕ್ಷೇಪಗಳು ಬಂದುವು. ಫಿರಂಗಿಗಳ ವಿಷಯದಲ್ಲಿಯೂ ಅಷ್ಟೇ. ಸರಕಾರ ಅವನ ಪ್ರತಿಸ್ಪರ್ಧಿ ಆರ್ಮ್‌ಸ್ಟ್ರಾಂಗನ ಕಡೆಗೆ ವಾಲಿತು. ವಿಟ್‌ವರ್ತ್ ವರ್ಷಗಟ್ಟಲೆ ಅಧಿಕಾರಿಗಳೊಡನೆ ವಾದಿಸಿದನು. ಹಟದ ಸ್ವಭಾವದವನಾದ ಅವನು ತನ್ನ ರಚನೆಯಲ್ಲಿ ಕೂದಲೆಳೆಯಷ್ಟು ಬದಲಾವಣೆಗೂ ಸಮ್ಮತಿಸುವವನಾಗಿರಲಿಲ್ಲ. ಅವನ ಮಾತಿನಲ್ಲಿ ಸತ್ಯವಿರಲಿಲ್ಲವೆಂದಲ್ಲ. 1871ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ಮಾರ್ಟಿನಿ ಹೆನ್ರಿ ಬಂದೂಕಿನ ನಳಿಗೆ 0.45 ಅಂಗುಲದ್ದೇ ಆಗಿತ್ತು. ಆದರೆ ಷಟ್ಕೋನ ಉಳಿಯಲಿಲ್ಲ.

ತಿರುಪಿನಲ್ಲಿ ಗೆದ್ದವನು ಬಂದೂಕಿನಲ್ಲಿ ಸೋತದ್ದೇಕೆ ಎಂಬುದನ್ನು ವಿಚಾರ ಮಾಡುವುದು ಉಚಿತ. ತಿರುಪಿನ ವಿಷಯದಲ್ಲಿ ಅವನು ಲೋಕದ ಬಳಿಗೆ ಹೋಗಿ, ಎಲ್ಲರ ಬೋಲ್ಟುಗಳನ್ನೂ ಕೈಯಲ್ಲಿ ಹಿಡಿದು ನೋಡಿ, ನಡುವೆ ಒಂದು ನೆಲೆಯನ್ನು ಕಂಡುಕೊಂಡನು. ಬಂದೂಕಿನ ವಿಷಯದಲ್ಲಿ ಲೋಕವೇ ತನ್ನ ಬಳಿಗೆ ಬರಲೆಂದು ಕಾದು ಕುಳಿತನು. 55 ಡಿಗ್ರಿ ಕೋನ ಎಲ್ಲಕ್ಕಿಂತ ಶ್ರೇಷ್ಠವಾದ ಕೋನವೆಂದು ಅವನೂ ಹೇಳಿರಲಾರನು; ಅದು ಒಪ್ಪಿತವಾದ ಕೋನ. ಷಟ್ಕೋನದ ನಳಿಗೆ ಬಹುಶಃ ಶ್ರೇಷ್ಠವಾಗಿತ್ತು, ಒಪ್ಪಿತವಾಗಲಿಲ್ಲ. ಉತ್ತಮವಾದುದು ಬೇರೆ, ಹಲವರು ಕೂಡಿ ನಡೆಯಲು ಬರುವಂಥದು ಬೇರೆ. ಮಾನಕಕ್ಕೆ ಬೇಕಾದದ್ದು ಎರಡನೆಯ ಗುಣ.

ಸೋಲಿನಿಂದ ಅವನ ಔದಾರ್ಯ ಬತ್ತಲಿಲ್ಲ. ಕೈಯ ಕೆಲಸ ಬಲ್ಲವನಿಗೆ ಶಾಸ್ತ್ರ ತಿಳಿಯದು, ಶಾಸ್ತ್ರ ಬಲ್ಲವನಿಗೆ ಕೈ ಬಾರದು ಎಂಬ ಕೊರತೆ ಅವನನ್ನು ಬಹಳ ಕಾಲದಿಂದ ಕಾಡುತ್ತಿತ್ತು. 1868ರಲ್ಲಿ ಅವನು ವರ್ಷಕ್ಕೆ 100 ಪೌಂಡಿನಂತೆ 30 ವಿದ್ಯಾರ್ಥಿವೇತನಗಳನ್ನು ಏರ್ಪಡಿಸಿದನು. ಸ್ಪರ್ಧಿಸುವವರು ಗಣಿತ, ಯಂತ್ರಶಾಸ್ತ್ರಗಳಲ್ಲಿ ಮಾತ್ರವಲ್ಲದೆ ಉಪಕರಣ ಹಿಡಿಯುವುದರಲ್ಲಿಯೂ ನಿಪುಣರಾಗಿರಬೇಕೆಂಬುದು ಅದರ ನಿಬಂಧನೆ. ಆ ವಿದ್ಯಾರ್ಥಿವೇತನಗಳು ಇಂದಿಗೂ ನಡೆದುಬರುತ್ತಿವೆ. ಮರುವರ್ಷ ಅವನಿಗೆ ಬ್ಯಾರೊನೆಟ್ ಪದವಿ ಬಂದಿತು. 1874ರಲ್ಲಿ ತನ್ನ ವ್ಯಾಪಾರವನ್ನು ಕಂಪನಿಯಾಗಿ ಮಾರ್ಪಡಿಸಿದಾಗ ಕೆಲಸಗಾರರೂ ಅದರಲ್ಲಿ ಪಾಲು ಪಡೆಯಲು ಅವಕಾಶ ಮಾಡಿಕೊಟ್ಟನು. ಮೊದಲನೆಯ ದಾಂಪತ್ಯ ಬಹುಕಾಲ ಬೇರೆ ಬೇರೆಯಾಗಿಯೇ ಕಳೆದು 1870ರಲ್ಲಿ ಹೆಂಡತಿಯ ಮರಣದಿಂದ ಮುಗಿಯಿತು. ಮರುವರ್ಷ ಮೇರಿ ಲೂಯಿಸಾ ಎಂಬ ವಿಧವೆಯನ್ನು ವರಿಸಿ, ಡರ್ಬಿಷೈರಿನ ಡಾರ್ಲಿ ಡೇಲ್ ಕಣಿವೆಯ ಮನೆಯಲ್ಲಿ ಮುಪ್ಪನ್ನು ಕಳೆದನು. ಮಕ್ಕಳಿರಲಿಲ್ಲ. 1887ರ ಜನವರಿ 22ರಂದು, ಆರೋಗ್ಯಕ್ಕಾಗಿ ಹೋಗಿದ್ದ ಮಾಂಟಿ ಕಾರ್ಲೊದಲ್ಲಿ, 83ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ದೇಹವನ್ನು ಡಾರ್ಲಿ ಡೇಲಿಗೆ ತಂದು ಮಣ್ಣುಮಾಡಿದರು. ಆಸ್ತಿಯ ಬಹುಭಾಗ ಲೋಕೋಪಕಾರಕ್ಕೆ ಹೋಯಿತು. ಮ್ಯಾಂಚೆಸ್ಟರಿನ ಚಿತ್ರಶಾಲೆಯೊಂದು ಇಂದಿಗೂ ಅವನ ಹೆಸರನ್ನು ಹೊತ್ತು ನಿಂತಿದೆ.

ಅವನ ತಿರುಪಿಗೂ ಎದುರಾಳಿ ಹುಟ್ಟದೆ ಇರಲಿಲ್ಲ. ಅವನು ಬದುಕಿದ್ದಾಗಲೇ, 1864ರಲ್ಲಿ, ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ವಿಲಿಯಂ ಸೆಲರ್ಸ್ ಎಂಬ ಯಂತ್ರಶಿಲ್ಪಿ 60 ಡಿಗ್ರಿ ಕೋನದ, ಚಪ್ಪಟೆ ತುದಿಯ ಸುತ್ತನ್ನು ಸೂಚಿಸಿದನು. ವಿಟ್‌ವರ್ತನ ದುಂಡು ತುದಿಯನ್ನು ಸಾಧಾರಣ ಕೆಲಸಗಾರನು ಸರಿಯಾಗಿ ಕಡೆಯಲಾರನು, ಅಳೆಯಲೂ ಆರನು ಎಂಬುದು ಅವನ ವಾದ. ಅಮೆರಿಕ ಒಂದು ಕೋನಕ್ಕೂ ಬ್ರಿಟನ್ ಇನ್ನೊಂದು ಕೋನಕ್ಕೂ ಅಂಟಿಕೊಂಡುವು. ಎರಡನೆಯ ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿ ಕಾದಾಡಿದ ಈ ಎರಡು ದೇಶಗಳ ಯಂತ್ರಗಳಿಗೆ ಒಂದರ ಬೋಲ್ಟು ಇನ್ನೊಂದಕ್ಕೆ ಆಗದೆ, ಐದು ಡಿಗ್ರಿಗಳ ಭೇದಕ್ಕೆ ಅಪಾರ ಹಣವೂ ಕಾಲವೂ ವ್ಯಯವಾದುವು. ಕೊನೆಗೆ 1948ರ ನವೆಂಬರ್ 18ರಂದು ವಾಷಿಂಗ್ಟನ್ನಿನಲ್ಲಿ ಬ್ರಿಟನ್, ಅಮೆರಿಕ, ಕೆನಡಾ ದೇಶಗಳು 60 ಡಿಗ್ರಿಯ ಸಮಾನ ಸುತ್ತಿಗೆ ಸಹಿ ಹಾಕಿದುವು. 1947ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ತಾಂತ್ರಿಕ ಸಮಿತಿಗಳಲ್ಲಿ ಒಂದನೆಯ ಸಂಖ್ಯೆಯನ್ನು ಪಡೆದದ್ದು ತಿರುಪಿನ ಸುತ್ತುಗಳ ಸಮಿತಿಯೇ. ಅದೇ ವರ್ಷ ನಮ್ಮ ದೇಶದಲ್ಲಿಯೂ ಭಾರತೀಯ ಮಾನಕ ಸಂಸ್ಥೆ ಸ್ಥಾಪಿತವಾಯಿತು. 1987ರಲ್ಲಿ ಅದು ಮಾನಕ ಬ್ಯೂರೋ ಆಗಿ ಮಾರ್ಪಟ್ಟಿತು.

ಇನ್ನು ಯಂತ್ರಬಾಹುವಿನ ಮಾತಿಗೆ ಮರಳೋಣ. ರೋಬಾಟ್ ಎಂಬ ಪದವನ್ನು 1920ರಲ್ಲಿ ಚೆಕ್ ನಾಟಕಕಾರ ಕಾರೆಲ್ ಚಾಪೆಕ್ ಲೋಕಕ್ಕೆ ಕೊಟ್ಟನು. ನಮ್ಮಲ್ಲಿ ಬಿಟ್ಟಿ ಎನ್ನುವ ಒತ್ತಾಯದ ದುಡಿಮೆಗೆ ಅವನ ಭಾಷೆಯಲ್ಲಿರುವ ಹೆಸರಿನಿಂದ ಅದು ಬಂದದ್ದು. 1961ರಲ್ಲಿ ಅಮೆರಿಕದ ಮೋಟಾರು ಕಾರ್ಖಾನೆಯೊಂದರಲ್ಲಿ ಮೊದಲ ಯಂತ್ರಬಾಹು ದುಡಿಯಲು ನಿಂತಿತು. 1979ರ ಜನವರಿಯಲ್ಲಿ ಮಿಷಿಗನ್ ರಾಜ್ಯದ ಒಂದು ಎರಕದ ಕಾರ್ಖಾನೆಯಲ್ಲಿ, ಸಾಮಾನಿನ ಕಪಾಟು ಹತ್ತಿದ್ದ ಕಾರ್ಮಿಕನೊಬ್ಬನು ಯಂತ್ರಬಾಹುವಿನ ಹೊಡೆತಕ್ಕೆ ಸಿಕ್ಕಿ ಪ್ರಾಣ ಬಿಟ್ಟನು. ತನ್ನ ದಾರಿಯಲ್ಲಿ ಮನುಷ್ಯನೊಬ್ಬನು ಇದ್ದಾನೆಂಬ ಅರಿವು ಆ ಬಾಹುವಿಗೆ ಇರಲಿಲ್ಲ. ತಿರುಪಿನ ಸುತ್ತು ತಪ್ಪಿದರೆ ಯಂತ್ರ ನಿಲ್ಲುತ್ತದೆ; ಇಲ್ಲಿ ತಪ್ಪಿದರೆ ಮನುಷ್ಯನ ಉಸಿರು ನಿಲ್ಲುತ್ತದೆ.

ಕೈಗಾರಿಕಾ ರೋಬಾಟುಗಳ ಸುರಕ್ಷತೆಗಾಗಿ 10218ನೆಯ ಸಂಖ್ಯೆಯ ಅಂತರರಾಷ್ಟ್ರೀಯ ಮಾನಕ 1992ರಲ್ಲಿ ಬಂದಿತು. 2011ರಲ್ಲಿಯೂ 2025ರಲ್ಲಿಯೂ ಅದನ್ನು ವಿಸ್ತರಿಸಿ ತಿದ್ದಿದರು. ಮನುಷ್ಯನ ಪಕ್ಕದಲ್ಲಿಯೇ ಬೇಲಿಯಿಲ್ಲದೆ ದುಡಿಯುವ ಬಾಹು ಅಕಸ್ಮಾತ್ತಾಗಿ ತಾಗಿದರೆ ಎಷ್ಟು ಒತ್ತಡವನ್ನು ಮೀರಬಾರದೆಂಬುದನ್ನು, ದೇಹವನ್ನು 29 ಭಾಗಗಳಾಗಿ ವಿಂಗಡಿಸಿ, 2016ರಲ್ಲಿ ಗೊತ್ತುಪಡಿಸಿದರು. ಬಾಹು ಹೇಳಿದ ಜಾಗಕ್ಕೆ ಮತ್ತೆ ಮತ್ತೆ ಸರಿಯಾಗಿ ಬರುವುದೇ ಎಂಬುದನ್ನು ಒಂದೊಂದು ಬಿಂದುವಿಗೂ 30 ಬಾರಿ ಕಳುಹಿಸಿ ಅಳೆಯಬೇಕೆಂದು 9283ನೆಯ ಮಾನಕ ವಿಧಿಸುತ್ತದೆ. ಇದೆಲ್ಲ ವಿಟ್‌ವರ್ತನ ಪಾಠವೇ. ಬಾಹುವನ್ನು ಕಟ್ಟಿ ಮುಗಿಸಿ, ಕೊನೆಯ ದಿನ ಮಾನಕದ ಪುಸ್ತಕ ತೆರೆದು, ಹೊಂದಿದೆಯೆಂದು ಮುದ್ರೆ ಒತ್ತುವುದರಿಂದ ಪಾಲನೆಯಾಗುವುದಿಲ್ಲ. ಸಮತಟ್ಟಾದ ಫಲಕವಿಲ್ಲದೆ ಅವನು ಒಂದು ಯಂತ್ರವನ್ನೂ ಆರಂಭಿಸಲಿಲ್ಲ. ಹಾಗೆಯೇ, ಅಪಾಯವೆಲ್ಲಿ ಎಂಬ ವಿಚಾರವಿಲ್ಲದೆ ರೋಬಾಟಿನ ಮೊದಲ ನಕ್ಷೆಯನ್ನೂ ಎಳೆಯಬಾರದು. ಅಳೆದು ನೋಡದ ಒಪ್ಪಿಗೆ ಕೊಂಚ ಹೆಚ್ಚು, ಕೊಂಚ ಕಡಿಮೆ ಎನ್ನುವ ಹಳೆಯ ಮಾತೇ ಆಗುತ್ತದೆ. ಬಾಹುವಿನ ಬಳಿ ನಿಂತ ಕೆಲಸಗಾರನು ಆ ಕೊಂಚದಲ್ಲಿಯೇ ಬದುಕುತ್ತಾನೆ ಅಥವಾ ಸಾಯುತ್ತಾನೆ. ತನ್ನ ರಚನೆಯೇ ಶ್ರೇಷ್ಠವೆಂದು ಮಾನಕವನ್ನು ಬದಿಗೊತ್ತಬಯಸುವ ಜಾಣ ಎಂಜಿನಿಯರನು ಆ ಷಟ್ಕೋನ ನಳಿಗೆಯನ್ನೂ ಒಮ್ಮೆ ನೆನೆಯಬೇಕು.

ವಿಟ್‌ವರ್ತನ 55 ಡಿಗ್ರಿ ಬೋಲ್ಟುಗಳ ಲೋಕದಿಂದ ಬಹುಮಟ್ಟಿಗೆ ಮರೆಯಾಗಿದೆ. ಆದರೆ ಕೊಳವೆಗಳ ಲೋಕದಲ್ಲಿ ಅದು ಇನ್ನೂ ಜೀವಂತವಾಗಿದೆ. ನಮ್ಮ ಮನೆಯ ಅರ್ಧ ಅಂಗುಲದ ನಲ್ಲಿಯನ್ನು ತಿರುಗಿಸಿ ಬಿಚ್ಚಿದರೆ ಅದರ ಕೊರಳಿನಲ್ಲಿ ಅಂಗುಲಕ್ಕೆ 14ರಂತೆ ಕಾಣುವ ಸುತ್ತುಗಳ ಕೋನ ಅದೇ 55 ಡಿಗ್ರಿ. ಯಂತ್ರಬಾಹುವಿನ ಇಕ್ಕಳಕ್ಕೆ ಗಾಳಿ ಒಯ್ಯುವ ಕೊಳವೆ ಬಂದು ಸೇರುವ ಕಡೆಯಲ್ಲಿಯೂ ಅನೇಕ ವೇಳೆ ಅದೇ ಸುತ್ತು ಇರುತ್ತದೆ. ಒಂದೂರಿನ ಕುಶಲಿಗಳ ಅಭ್ಯಾಸಕ್ಕೂ ಇನ್ನೊಂದೂರಿನವರ ಅಭ್ಯಾಸಕ್ಕೂ ನಡುವೆ, 1841ರಲ್ಲಿ ಒಬ್ಬ ಹಟಮಾರಿ ಮನುಷ್ಯನು ತನ್ನ ಹಟವನ್ನು ಬದಿಗಿಟ್ಟು ಕಂಡುಕೊಂಡ ಕೋನ ಅದು.